ಮೆಂಟರ್ ಹತ್ತಿರ ಎರಡನೇ ಸಲ ಹೋಗುವುದು ಹೇಗೆ

"ಮೇಡಂ, ನೀವು ನನಗೆ ಮೆಂಟರ್ ಆಗ್ತೀರಾ?"

ಹೋದ ತಿಂಗಳು ಒಬ್ಬ ಹುಡುಗಿ ನಮ್ಮ ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತು ಕೇಳಿದಳು. ಮೆಂಟರ್ ಅಂದರೆ ಓದು, ಕೆಲಸದಲ್ಲಿ ಕೈಹಿಡಿದು ದಾರಿ ತೋರಿಸುವವರು. ಎಂಬಿಬಿಎಸ್ ಎರಡನೇ ವರ್ಷ. ಅಫಜಲಪುರ ಕಡೆಯವಳು. ಕೇಳುವಾಗ ಏಪ್ರನ್ನಿನ ಗುಂಡಿಯನ್ನು ತಿರುವುತ್ತಾ ಇದ್ದಳು. ಖಂಡಿತ ಆಗ್ತೀನವ್ವಾ, ಗುರುವಾರ ಮೂರು ಗಂಟೆಗೆ ಬಾ ಅಂದೆ. ಗುರುವಾರ ಬಂದಳು. ಅರ್ಧ ಗಂಟೆ ಮಾತಾಡಿದೆವು. ಓದು, ಹಾಸ್ಟೆಲ್ ಊಟ, ಪಿಜಿ ಮಾಡುವ ಆಸೆ. ಖುಷಿಯಿಂದ ಹೋದಳು. ಆಮೇಲೆ ಬರಲೇ ಇಲ್ಲ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಎರಡನೇ ಸಲ ಏನು ಹಿಡಿದುಕೊಂಡು ಬರಬೇಕು ಅಂತ ಅವಳಿಗೆ ತಿಳಿಯಲಿಲ್ಲ, ಅಷ್ಟೇ. ತಪ್ಪು ನನ್ನದೂ ಇದೆ. ಅವಳ ಕೈಗೆ ಒಂದು ಕೆಲಸ ಕೊಟ್ಟು ಕಳಿಸಬೇಕಿತ್ತು. ಕೊಡಲಿಲ್ಲ.

ನಾನು ಕಲಬುರಗಿಯಲ್ಲಿ ಪ್ಯಾಥಾಲಜಿ, ಅಂದರೆ ರಕ್ತ, ಅಂಗಾಂಶ ನೋಡಿ ರೋಗ ಗುರುತಿಸುವ ವಿಷಯ, ಕಲಿಸುತ್ತೇನೆ. ಇಪ್ಪತ್ತು ವರ್ಷದ ಮೇಲಾಯಿತು. ಹುಟ್ಟಿದ್ದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಡಾಕ್ಟರ್ ಆಗಿರಲಿಲ್ಲ, ಹಾಗಾಗಿ ದಾರಿ ಕೇಳೋಣ ಅಂದರೆ ಯಾರೂ ಇರಲಿಲ್ಲ. ಇವತ್ತು ನಾನು ಈ ಕುರ್ಚಿಯಲ್ಲಿ ಕೂತಿದ್ದೇನೆ ಅಂದರೆ ಅದಕ್ಕೆ ಮೂರ್ನಾಲ್ಕು ಜನ ಕಾರಣ. ಅವರ ಹತ್ತಿರ ನಾನು ಹೋದದ್ದು ಹೇಗೆ, ಹೋಗಿ ಏನು ಕೇಳಿದೆ, ಎಲ್ಲಿ ಎಡವಿದೆ ಅನ್ನೋದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಮೆಡಿಕಲ್ ಓದುವವರಿಗೆ, ಬಿಎಸ್ಸಿ, ಎಂಎಸ್ಸಿ, ಪಿಎಚ್‌ಡಿ ಮಾಡುತ್ತಿರುವ ಹುಡುಗಿಯರಿಗೆ, ಮಗುವಾದ ಮೇಲೆ ಕೆಲಸಕ್ಕೆ ವಾಪಸ್ ಬರಬೇಕು ಅಂತಿರುವ ಹೆಣ್ಣುಮಕ್ಕಳಿಗೆ ಉಪಯೋಗಕ್ಕೆ ಬರಲಿ ಅಂತ.

ಒಂದು ಸ್ಲೈಡು

2001ರ ಮಾತು. ಊರಿನ ಬೋರ್ಡುಗಳಲ್ಲಿ ಆಗ ಗುಲ್ಬರ್ಗಾ ಅಂತಲೇ ಇತ್ತು. ನಾನು ಪಿಜಿ ಮೊದಲ ವರ್ಷ. ಒಂದು ಮಧ್ಯಾಹ್ನ ಒಬ್ಬ ಬಸುರಿ ಹೆಣ್ಣುಮಗಳ ರಕ್ತ ಲ್ಯಾಬಿಗೆ ಬಂತು. ಹಿಮೋಗ್ಲೋಬಿನ್ 7.2, ಬಹಳ ಕಮ್ಮಿ. ಆದರೆ ಮಷೀನು ಕೊಟ್ಟ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 84. ಅದು ನಾರ್ಮಲ್. ಐರನ್ ಕಮ್ಮಿಯಾದರೆ ಕಣ ಸಣ್ಣದಾಗಬೇಕು, ಬಿ12 ಕಮ್ಮಿಯಾದರೆ ದೊಡ್ಡದಾಗಬೇಕು. ಇಲ್ಲಿ ಎರಡೂ ಅಲ್ಲ. ರಿಪೋರ್ಟಿನಲ್ಲಿ ಏನು ಬರೆಯಲಿ?

ಪ್ಯಾಥಾಲಜಿ ಕಲಿಸುತ್ತಿದ್ದ ನಮ್ಮ ಮೇಡಂ ಅಂದರೆ ಎಲ್ಲರಿಗೂ ಅಂಜಿಕೆ. ಅವರು ನನ್ನ ಗೈಡ್ ಕೂಡ ಅಲ್ಲ. ಆದರೂ ಸ್ಲೈಡು ಹಿಡಿದು ಹೋದೆ. ಅವರ ರೂಮಿನಲ್ಲಿ ಎರಡು ತಲೆಯ ಮೈಕ್ರೋಸ್ಕೋಪ್ ಇತ್ತು. ಒಂದೇ ಸ್ಲೈಡನ್ನು ಎದುರುಬದುರು ಕೂತು ಇಬ್ಬರೂ ನೋಡಬಹುದು. ಒಳಗೆ ಒಂದು ಸಣ್ಣ ಬೆಳಕಿನ ಬಾಣ ಇರುತ್ತದೆ. ಅವರು ಬಾಣ ಸರಿಸಿದರೆ ನನಗೂ ಕಾಣುತ್ತದೆ. ಮೇಡಂ ಬಾಣವನ್ನು ಒಂದು ಲಿಂಫೋಸೈಟಿನ, ಅಂದರೆ ಒಂದು ಬಗೆಯ ಬಿಳಿ ರಕ್ತಕಣದ, ಪಕ್ಕ ನಿಲ್ಲಿಸಿದರು. ಅದರ ನ್ಯೂಕ್ಲಿಯಸ್ಸೇ ಅಳತೆಗೋಲು. ಪಕ್ಕದ ಕೆಂಪುಕಣ ಅದಕ್ಕಿಂತ ದೊಡ್ಡದಿತ್ತು. ಬಾಣ ಎರಡು ಕೂದಲೆಳೆ ಸರಿಯಿತು. ಇನ್ನೊಂದು ಕಣ ಸಣ್ಣದು, ನಡುವೆ ಬಿಳಿಚಿಕೊಂಡಿದೆ. ದೊಡ್ಡದೂ ಇವೆ, ಸಣ್ಣವೂ ಇವೆ. ಕೂಡಿಸಿ ಭಾಗಿಸಿದರೆ 84.

"ಮಷೀನ್ ಸರಾಸರಿ ಹೇಳ್ತದ. ನೀ ಏನು ಕಂಡಿ ಅದು ಹೇಳು," ಅಂದರು. ಆಮೇಲೆ ಇನ್ನೊಂದು ಮಾತು: "ವಾರ್ಡಿಗಿ ಹೋಗು. ಆ ಹೆಣ್ಣುಮಗಳು ಏನು ಉಣ್ತಾಳ ಕೇಳು. ಐರನ್ ಗುಳಗಿ ತಗೊಂಡಾಳೇನು, ರಕ್ತ ಏರಿಸ್ಯಾರೇನು ಕೇಳು. ನಾಳೆ ಬಂದು ನನಗ ಹೇಳು."

ಹೋದೆ. ರಕ್ತ ಏರಿಸಿರಲಿಲ್ಲ. ಮಾತ್ರೆ ತಗೊಂಡಿರಲಿಲ್ಲ. ಊಟ ಜೋಳದ ರೊಟ್ಟಿ, ಪುಂಡಿಪಲ್ಯ, ಖಾರ. ಹಾಲು ಕುಡೀತೀರೇನು ಅಂದೆ. "ಮನ್ಯಾಗ ಎಮ್ಮಿ ಅದ ರೀ. ಹಾಲು ಡೇರಿಗಿ ಹೋಗ್ತದ," ಅಂದಳು. ಮಾಂಸ, ಮೊಟ್ಟೆ ಅವರ ಮನೆಯಲ್ಲಿ ಇಲ್ಲ. ಮರುದಿನ ಮೇಡಂಗೆ ಹೇಳಿದಾಗ ಅವರು ಅದೇ ಸ್ಲೈಡನ್ನು ಮತ್ತೆ ಹಾಕಿ, ಐದಾರು ತುಂಡಾದ ನ್ಯೂಕ್ಲಿಯಸ್ ಇರುವ ಬಿಳಿ ರಕ್ತಕಣಗಳನ್ನು, ಅಂದರೆ ನ್ಯೂಟ್ರೋಫಿಲ್‌ಗಳನ್ನು ತೋರಿಸಿದರು. ಬಿ12 ಕೊರತೆಯ ಗುರುತು ಅದು. ಐರನ್ ಕೊರತೆ ಅದರ ಜೊತೆಗೇ ಇತ್ತು. ರಿಪೋರ್ಟಿಗೆ ಡೈಮಾರ್ಫಿಕ್ ಅನೀಮಿಯಾ, ಅಂದರೆ ಎರಡು ಬಗೆಯ ಕಣಗಳಿರುವ ರಕ್ತಹೀನತೆ, ಅಂತ ಬರೆದೆವು. "ಇಂಥವು ತಿಂಗಳಿಗಿ ಎಷ್ಟು ಬರ್ತಾವ ಎಣಿಸು," ಅಂದರು. ಎಣಿಸಿದೆ. ನನ್ನ ಥೀಸಿಸ್ ಹುಟ್ಟಿದ್ದು ಅಲ್ಲಿಂದ.

ನಮ್ಮ ನಂಟು ಬೆಳೆದದ್ದು ಮೊದಲ ದಿನ ಅಲ್ಲ. ಮರುದಿನ, ಎಮ್ಮೆ ಹಾಲಿನ ಸುದ್ದಿ ಹೊತ್ತು ವಾಪಸ್ ಹೋದಾಗ. ಸಂಶಯ ಕೇಳಲು ಮೇಡಂ ಹತ್ತಿರ ಬಹಳ ಜನ ಬರುತ್ತಿದ್ದರು. ಹೇಳಿದ್ದನ್ನು ಮಾಡಿ, ಏನಾಯ್ತು ಅಂತ ಹೇಳಲು ಬರುವವರು ಕಡಿಮೆ.

ಹೋಗುವ ಮುಂಚೆ

ಗೈಡ್ ಬೇರೆ, ಮೆಂಟರ್ ಬೇರೆ. ಗೈಡ್ ಅನ್ನು ಯೂನಿವರ್ಸಿಟಿ ಕೊಡುತ್ತದೆ. ಥೀಸಿಸ್ ಮುಗಿದರೆ ಆ ಕಾಗದದ ಸಂಬಂಧ ಮುಗಿಯುತ್ತದೆ. ಈಗ ಎಲ್ಲ ಕಾಲೇಜುಗಳಲ್ಲೂ ಮೆಂಟರ್-ಮೆಂಟೀ ಪಟ್ಟಿ ಇರುತ್ತದೆ. ಒಬ್ಬ ಟೀಚರ್ ಹೆಸರಿನ ಕೆಳಗೆ ನಿಮ್ಮ ಹೆಸರೂ ಇರಬಹುದು. ಒಳ್ಳೆಯದೇ. ಅಲ್ಲಿಂದಲೇ ಶುರು ಮಾಡಿ. ಆದರೆ ಪಟ್ಟಿಯಲ್ಲಿ ಹೆಸರಿದೆ ಅಂತ ಸುಮ್ನೆ ಕೂತರೆ ಅದು ಪಟ್ಟಿಯಾಗಿಯೇ ಉಳಿಯುತ್ತದೆ.

ಒಬ್ಬರೇ ಎಲ್ಲವನ್ನೂ ಕೊಡಬೇಕು ಅಂತ ಹುಡುಕಬೇಡಿ. ನನಗೆ ಕೆಲಸ ಕಲಿಸಿದವರು ಮೇಡಂ. ಸ್ಟೇನ್ ಮಾಡುವುದನ್ನು, ಅಂದರೆ ಸ್ಲೈಡಿಗೆ ಬಣ್ಣ ಹಾಕುವುದನ್ನು, ಕಲಿಸಿದವರು ಲ್ಯಾಬ್ ಟೆಕ್ನೀಷಿಯನ್ ಕಾಕಾ. ಲೀಶ್ಮನ್ ಸ್ಟೇನ್‌ಗೆ ನೀರಿನ ಪಿಎಚ್ ಸ್ವಲ್ಪ ಏರುಪೇರಾದರೂ ಬಣ್ಣ ಕೆಡುತ್ತದೆ. ನಮ್ಮೂರಿನ ಗಡಸು ನೀರಿಗೆ ಏನು ಮಾಡಬೇಕು ಅಂತ ಪುಸ್ತಕದಲ್ಲಿ ಇರಲಿಲ್ಲ, ಕಾಕಾ ಹೇಳಿಕೊಟ್ಟರು. ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಿ ಕಾನ್ಫರೆನ್ಸಿಗೆ ಕಳಿಸಿದವರು ಬಯೋಕೆಮಿಸ್ಟ್ರಿಯ ಒಬ್ಬ ಸರ್. ಅರ್ಜಿ ತುಂಬೋದು, ಸರ್ಟಿಫಿಕೇಟ್ ಹೊಂದಿಸೋದು ಹೇಳಿಕೊಟ್ಟವಳು ಎರಡು ವರ್ಷ ಸೀನಿಯರ್ ಆದ ಅಕ್ಕ. ನಮ್ಮ ಭಾಗದ ಹುಡುಗಿಯರಿಗೆ ಇದು ಸಣ್ಣ ಸಹಾಯ ಅಲ್ಲ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ 371ಜೆ ಸರ್ಟಿಫಿಕೇಟಿಗೆ ಯಾವ ಕಾಗದ ಬೇಕು, ಎಸಿ ಆಫೀಸಿಗೆ ಯಾವಾಗ ಹೋಗಬೇಕು ಅನ್ನೋದನ್ನು ಪ್ರೊಫೆಸರಿಗಿಂತ ಹೋದ ವರ್ಷ ಓಡಾಡಿದ ಸೀನಿಯರ್ ಚೆನ್ನಾಗಿ ಹೇಳುತ್ತಾಳೆ.

ಹೆಸರುವಾಸಿಯಾದವರೇ ಬೇಕು ಅಂತಲೂ ಇಲ್ಲ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅವರ ವಿಷಯ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಹೆಣ್ಣು ಅನ್ನೋ ಕಾರಣಕ್ಕೆ ಬೇಡ ಅಂದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷೆಯ ಮೇಲೆ, ಷರತ್ತು ಹಾಕಿ ಸೇರಿಸಿಕೊಂಡರು. ಅವರನ್ನು ಕೂರಿಸಿಕೊಂಡು ಕೆಲಸ ಕಲಿಸಿದವರು ಎಂ. ಶ್ರೀನಿವಾಸಯ್ಯ. ಕಮಲಾ ಹಾಲು ಮತ್ತು ಬೇಳೆಕಾಳಿನ ಪ್ರೋಟೀನ್ ಮೇಲೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು. ನೊಬೆಲ್ ಬಂದವರ ಹೆಸರು ನಮಗೆಲ್ಲ ಗೊತ್ತು. ಶ್ರೀನಿವಾಸಯ್ಯನವರ ಹೆಸರು ಎಷ್ಟು ಜನಕ್ಕೆ ಗೊತ್ತು? ತೊಗರಿ ಬೆಳೆಯುವ ನಾಡಿನ ನಾವಾದರೂ ನೆನಪಿಡಬೇಕು ಅಲ್ವಾ.

ಎಲ್ಲಿ ಸಿಗುತ್ತಾರೆ

ಮೊದಲು ನಿಮ್ಮ ಕಾರಿಡಾರ್‌ನಲ್ಲೇ ನೋಡಿ. ಕ್ಲಾಸ್ ಮುಗಿದ ಮೇಲೆ ಪ್ರಶ್ನೆ ಕೇಳಿದರೆ ಯಾರು ಬ್ಯಾಗ್ ಕೆಳಗಿಟ್ಟು ನಿಲ್ಲುತ್ತಾರೆ? ತಮ್ಮ ಹಳೆಯ ವಿದ್ಯಾರ್ಥಿನಿಯರ ಹೆಸರು ಹಿಡಿದು ಯಾರು ಮಾತಾಡುತ್ತಾರೆ? ಎಷ್ಟು ಪೇಪರ್ ಬರೆದಿದ್ದಾರೆ ಅನ್ನೋದಕ್ಕಿಂತ ನಾನು ಇದನ್ನೇ ಜಾಸ್ತಿ ನೋಡುತ್ತೇನೆ.

ನಿಮ್ಮ ಕಾಲೇಜಿನಲ್ಲಿ ಸಿಗಲಿಲ್ಲವಾ, ಊರು ದೊಡ್ಡದಿದೆ. ನಾನು ಓದುವಾಗ ಇಷ್ಟು ಸಂಸ್ಥೆಗಳು ಇರಲಿಲ್ಲ. ಈಗ ಕಲಬುರಗಿಯಲ್ಲೇ ಜಿಮ್ಸ್, ಇಎಸ್ಐಸಿ, ಎಂಆರ್‌ಎಂಸಿ, ಕೆಬಿಎನ್ ಮೆಡಿಕಲ್ ಕಾಲೇಜುಗಳಿವೆ. ಬೀದರಿನಲ್ಲಿ ಬ್ರಿಮ್ಸ್ ಇದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಯಾದಗಿರಿಗೂ ಮೆಡಿಕಲ್ ಕಾಲೇಜು ಬಂದಿದೆ. ವಿಜ್ಞಾನದವರಿಗೆ 1980ರಿಂದ ಗುಲ್ಬರ್ಗಾ ವಿಶ್ವವಿದ್ಯಾಲಯ, 2009ರಿಂದ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಆಳಂದ ರಸ್ತೆಯಲ್ಲಿ ಬಸ್ಸಿನಿಂದ ಇಳಿದರೆ ಆಯಿತು. ಮೆಡಿಕಲ್ ಹುಡುಗಿಗೆ ಅಲ್ಲಿನ ಮೈಕ್ರೋಬಯಾಲಜಿ ಅಥವಾ ಬಯೋಟೆಕ್ನಾಲಜಿ ಮೇಡಂ ಮೆಂಟರ್ ಆಗಬಾರದು ಅಂತ ಯಾರೂ ಹೇಳಿಲ್ಲ.

ಬಾಗಿಲು ತಟ್ಟಲು ಒಂದು ನೆಪ ಬೇಕಾಗುತ್ತದೆ. ಆ ನೆಪವನ್ನು ಸರ್ಕಾರದ ಸ್ಕೀಮುಗಳೇ ಕೊಡುತ್ತವೆ. ಎಂಬಿಬಿಎಸ್, ಬಿಡಿಎಸ್ ಓದುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಎಸ್‌ಟಿಎಸ್ ಇದೆ. ಎರಡು ತಿಂಗಳ ಸಣ್ಣ ಸಂಶೋಧನೆ. ಅರ್ಜಿಗೆ ಗೈಡ್ ಬೇಕೇ ಬೇಕು. "ಮೇಡಂ, ಎಸ್‌ಟಿಎಸ್‌ಗೆ ಈ ಐಡಿಯಾ ಇದೆ, ನೋಡ್ತೀರಾ" ಅಂತ ಹೋದರೆ ಮಾತಿಗೆ ದಾರಿಯಾಯಿತು. ವಿಜ್ಞಾನದ ವಿದ್ಯಾರ್ಥಿಗಳಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೂರಬಹುದು. ಕಾಲೇಜು ಟೀಚರುಗಳೂ ಅರ್ಜಿ ಹಾಕಬಹುದು. ಇನ್‌ಸ್ಪೈರ್ ಸ್ಕಾಲರ್‌ಶಿಪ್ ಸಿಕ್ಕ ಬಿಎಸ್ಸಿ ಹುಡುಗಿಯರೇ, ವರ್ಷದ 80,000 ರೂಪಾಯಿಯಲ್ಲಿ 20,000 ಇಟ್ಟಿರುವುದು ಬೇಸಿಗೆಯಲ್ಲಿ ಒಬ್ಬ ಮೆಂಟರ್ ಕೈಕೆಳಗೆ ಪ್ರಾಜೆಕ್ಟ್ ಮಾಡಲಿ ಅಂತಲೇ. ಬಿಡಬೇಡಿ. ಹೈಸ್ಕೂಲಿನ ತಂಗಿಯರು ಇದ್ದರೆ ವಿಜ್ಞಾನ ಜ್ಯೋತಿ ಕೇಂದ್ರ ಹತ್ತಿರ ಎಲ್ಲಿದೆ ಅಂತ ವಿಚಾರಿಸಿ. ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ಹುಡುಗಿಯರಿಗಾಗಿ 2019ರಲ್ಲಿ ಶುರುವಾದದ್ದು.

ಮೊದಲ ಮೆಸೇಜು

"ಹಲೋ ಮೇಡಂ, ಪ್ಲೀಸ್ ಗೈಡ್ ಮಿ." ನನಗೆ ಬರುವ ಮೆಸೇಜುಗಳಲ್ಲಿ ಅರ್ಧ ಹೀಗೇ ಇರುತ್ತವೆ. ಕಳಿಸಿದವರಿಗೆ ಪ್ರೀತಿ ಇಲ್ಲ ಅಂತಲ್ಲ. ಆದರೆ ಇದಕ್ಕೆ ಏನು ಉತ್ತರ ಕೊಡಲಿ? ಯಾವ ವಿಷಯ, ಎಷ್ಟು ಹೊತ್ತು, ಯಾವಾಗ, ಒಂದೂ ಇಲ್ಲ. ನಾಳೆ ನೋಡೋಣ ಅಂತ ಇಟ್ಟದ್ದು ಕೆಳಗೆ ಹೋಗಿಬಿಡುತ್ತದೆ.

ಹೀಗೆ ಬರೆಯಿರಿ:

"ನಮಸ್ಕಾರ ಮೇಡಂ. ನಾನು ಎಂಬಿಬಿಎಸ್ ಎರಡನೇ ವರ್ಷ, ನಿಮ್ಮ ಮಂಗಳವಾರದ ಬ್ಯಾಚ್. ಅನೀಮಿಯಾ ಕ್ಲಾಸಿನ ನಂತರ ಒಂದು ಸಂಶಯ ಉಳಿದಿದೆ. ಐರನ್ ಮಾತ್ರೆ ತಿಂಗಳು ತಗೊಂಡರೂ ಒಬ್ಬ ಪೇಶಂಟ್‌ಗೆ ಹಿಮೋಗ್ಲೋಬಿನ್ ಏರಿಲ್ಲ. ಕಾರಣ ಏನಿರಬಹುದು ಅಂತ ನಾಲ್ಕು ಬರೆದುಕೊಂಡಿದ್ದೇನೆ. ನಿಮಗೆ ತೋರಿಸಲು ಹದಿನೈದು ನಿಮಿಷ ಬೇಕು. ಬುಧವಾರ ಅಥವಾ ಗುರುವಾರ ಮೂರರ ಮೇಲೆ ಬರಬಹುದಾ?"

ಇದರಲ್ಲಿ ಪೇಶಂಟ್ ಹೆಸರಿಲ್ಲ, ಆಸ್ಪತ್ರೆಯ ಐಪಿ ನಂಬರ್ ಇಲ್ಲ, ರಿಪೋರ್ಟಿನ ಫೋಟೋ ಇಲ್ಲ. ಅದನ್ನು ವಾಟ್ಸಾಪಿನಲ್ಲಿ ಕಳಿಸಬಾರದು. "ಮೆಂಟರ್" ಅನ್ನೋ ಶಬ್ದವೂ ಇಲ್ಲ ನೋಡಿ. ಆ ಶಬ್ದ ಕೇಳಿದರೆ ಎದುರಿನವರಿಗೆ ವರ್ಷಗಟ್ಟಲೆಯ ಹೊಣೆ ಕಣ್ಮುಂದೆ ಬರುತ್ತದೆ. ಹದಿನೈದು ನಿಮಿಷಕ್ಕೆ ಇಲ್ಲ ಅನ್ನುವವರು ಕಡಿಮೆ. ನಾಲ್ಕು ಸಲ ಹೋದ ಮೇಲೆ ಆ ಶಬ್ದ ಬೇಕಾಗುವುದೂ ಇಲ್ಲ. ನಾನು ನಮ್ಮ ಮೇಡಂಗೆ ಯಾವತ್ತೂ ಹಾಗೆ ಕೇಳಲಿಲ್ಲ.

ಉತ್ತರ ಬರದಿದ್ದರೆ ವಾರ ಬಿಟ್ಟು ಒಂದು ಸಲ ನೆನಪಿಸಿ. ಆಗಲೂ ಬರದಿದ್ದರೆ ನೇರ ಹೋಗಿ ಬಾಗಿಲಲ್ಲಿ ನಿಲ್ಲಿ. ನಮ್ಮ ಕಡೆ ಇನ್ನೂ ಮುಖ ನೋಡಿ ಮಾತಾಡುವ ರೂಢಿ. ಫೋನು ನೋಡದವರೂ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯುತ್ತಾರೆ.

ಇಂಗ್ಲಿಷ್ ಬರಲ್ಲ ಅಂತ ಹಿಂದೆ ಸರಿಯುವವರಿಗೆ ಒಂದು ಮಾತು ಹೇಳಲೇಬೇಕು. ನಾನು ಮೊದಲ ವರ್ಷ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಉತ್ತರ ಗೊತ್ತಿರುತ್ತಿತ್ತು, ವಾಕ್ಯ ಕೂಡುತ್ತಿರಲಿಲ್ಲ. ಮೇಡಂ ಒಂದು ಉಪಾಯ ಮಾಡಿದರು. ಕೇಸನ್ನು ಮೊದಲು ಕನ್ನಡದಲ್ಲಿ ಪೂರ್ತಿ ಹೇಳಿಸುತ್ತಿದ್ದರು. ತಪ್ಪಿದ್ದರೆ ಅಲ್ಲೇ ತಿದ್ದುತ್ತಿದ್ದರು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಗೊತ್ತಿಲ್ಲದ್ದು ಪ್ಯಾಥಾಲಜಿಯಾ, ಇಂಗ್ಲಿಷಾ ಅಂತ ಆಗ ಬೇರೆ ಬೇರೆಯಾಗಿ ತಿಳಿಯಿತು. ಆರು ತಿಂಗಳಲ್ಲಿ ಸೆಮಿನಾರ್ ಕೊಟ್ಟೆ. ನಿಮ್ಮ ಮೆಂಟರಿಗೆ ಮೊದಲ ದಿನವೇ ಹೇಳಿಬಿಡಿ: ಮೇಡಂ, ನಾನು ಕನ್ನಡ ಮೀಡಿಯಂ, ನಿಧಾನಕ್ಕೆ ಹೇಳ್ತೀನಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಒಳಗೆ ಕೂತ ಮೇಲೆ

ಒಂದು ನೋಟ್‌ಬುಕ್ ಇರಲಿ. ಬರೀ ಇದಕ್ಕೇ. ಎಡಗಡೆ ಪುಟದಲ್ಲಿ ನಿಮ್ಮ ಪ್ರಶ್ನೆ, ಬಲಗಡೆ ಅವರು ಹೇಳಿದ್ದು. ಪ್ರಶ್ನೆ ಮೂರಕ್ಕಿಂತ ಜಾಸ್ತಿ ಬೇಡ. ನೀವು ಇಲ್ಲಿಯವರೆಗೆ ಏನು ಮಾಡಿ ನೋಡಿದ್ದೀರಿ ಅಂತ ಮೊದಲು ಹೇಳಿ, ಆಮೇಲೆ ಎಲ್ಲಿ ಸಿಕ್ಕಿಕೊಂಡಿದ್ದೀರಿ ಹೇಳಿ. "ಪಿಜಿಗೆ ಯಾವ ಬ್ರಾಂಚ್ ತಗೊಳ್ಳಲಿ" ಅಂತ ಕೇಳುವ ಬದಲು "ನನಗೆ ಓಬಿಜಿ (ಹೆರಿಗೆ, ಸ್ತ್ರೀರೋಗ) ಇಷ್ಟ, ಆದರೆ ನೈಟ್ ಡ್ಯೂಟಿ ಮಗುವಾದ ಮೇಲೆ ಹೇಗೆ ನಡೆಸಿದಿರಿ" ಅಂತ ಕೇಳಿ. ಮೊದಲನೆಯದಕ್ಕೆ ಸಲಹೆ ಸಿಗುತ್ತದೆ. ಎರಡನೆಯದಕ್ಕೆ ಅವರ ಬದುಕೇ ಉತ್ತರವಾಗಿ ಬರುತ್ತದೆ.

ಏಳುವ ಮುಂಚೆ ಒಂದು ಕೆಲಸ ಕೇಳಿ. ಕೊಡದಿದ್ದರೆ ನೀವೇ ಹೇಳಿ: ಮುಂದಿನ ಸಲ ಬರುವಾಗ ಈ ಪೇಪರ್ ಓದಿ ಬರ್ತೀನಿ, ಹತ್ತು ಸ್ಲೈಡು ನೋಡಿ ಬರ್ತೀನಿ. ತಾರೀಖನ್ನೂ ಅಲ್ಲೇ ಗೊತ್ತು ಮಾಡಿಕೊಳ್ಳಿ. ನನ್ನ ಬಾಗಿಲಿಗೆ ಬಂದ ಆ ಹುಡುಗಿಯ ಜೊತೆ ತಪ್ಪಿದ್ದು ಇಲ್ಲೇ.

ಇನ್ನು ಎರಡನೇ ಸಲ. ಹೇಳಿದ ಕೆಲಸ ಅರ್ಧವೇ ಆಗಿದ್ದರೂ ಹೋಗಿ. ಆಗಲೇ ಇಲ್ಲ ಅಂದರೂ ಹೋಗಿ, ಯಾಕೆ ಆಗಲಿಲ್ಲ ಹೇಳಿ. ಬಹಳ ಹುಡುಗಿಯರು ಇಲ್ಲಿ ನಿಂತುಬಿಡುತ್ತಾರೆ. ಪೂರ್ತಿ ಮಾಡಿ ಚೆಂದ ಮಾಡಿಕೊಂಡು ಹೋಗೋಣ ಅಂತ ಕಾಯುತ್ತಾರೆ. ತಿಂಗಳಾಗುತ್ತದೆ. ಇಷ್ಟು ದಿನ ಆಯ್ತಲ್ಲ, ಈಗ ಹೇಗೆ ಮುಖ ತೋರಿಸೋದು ಅಂತ ಸಂಕೋಚ. ಅಲ್ಲಿಗೆ ಮುಗಿಯಿತು. ನನ್ನ ಥೀಸಿಸ್ಸಿನ ಮೊದಲ ಡ್ರಾಫ್ಟು ಏಳು ಪುಟ ಇತ್ತು, ಅದರಲ್ಲಿ ಮೂರು ಪುಟ ಖಾಲಿ ಟೇಬಲ್. ಹಾಗೇ ಕೊಟ್ಟೆ. ಮೇಡಂ ಹಸಿರು ಪೆನ್ನಿನಲ್ಲಿ ಖಾಲಿ ಮನೆಗಳ ಪಕ್ಕ ಬರೆದಿದ್ದರು: "ಇದು ತುಂಬಲಿಕ್ಕೆ ಯಾವ ವಾರ್ಡಿಗೆ ಹೋಗ್ತಿ?" ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಮನೆಯವರು

ನಮ್ಮ ಊರುಗಳಲ್ಲಿ ಹುಡುಗಿಯ ಕೆರಿಯರ್ ಅವಳೊಬ್ಬಳದೇ ವಿಷಯ ಅಲ್ಲ. ಎಂಬಿಬಿಎಸ್ ಮುಗಿದಾಗ ನಮ್ಮ ಅಪ್ಪ, "ಇಷ್ಟು ಓದಿದ್ದು ಸಾಕು, ಇನ್ನ ಲಗ್ನ ಮಾಡೋಣ" ಅಂದರು. ಅವರದೂ ತಪ್ಪಲ್ಲ. ಮುಂದೆ ಏನಿದೆ ಅಂತ ಅವರಿಗೆ ಕಂಡಿರಲಿಲ್ಲ. ಪಿಜಿಗೆ ಸೇರಿದ ಮೇಲೂ ಮನೆಯಲ್ಲಿ ಅದೇ ಮಾತು. ಮೇಡಂಗೆ ಹೇಳಿದೆ. "ರವಿವಾರ ಅವ್ವಗ ಕರಕೊಂಡು ಮನಿಗಿ ಬಾ" ಅಂದರು.

ಅವ್ವ ಹೆದರಿಕೊಂಡೇ ಬಂದಳು. ಮೇಡಂ ಅಡುಗೆಮನೆಯಲ್ಲಿ ಕೂರಿಸಿಕೊಂಡರು. ಅರ್ಧ ಗಂಟೆ ಇಬ್ಬರೂ ಮಾತಾಡಿದ್ದು ಜೋಳದ ಹಿಟ್ಟಿನ ಬಗ್ಗೆ, ಆ ವರ್ಷದ ತೊಗರಿ ರೇಟಿನ ಬಗ್ಗೆ. ಕೊನೆಗೆ ಮೇಡಂ ಅಂದರು: "ಅಕ್ಕಾ, ಇನ್ನ ಎರಡು ವರ್ಷ ನಿಮ್ಮ ಮಗಳಿಗಿ ನನ್ನ ಕೈಯಾಗ ಬಿಡ್ರಿ. ವರ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಪರೀಕ್ಷಾ ಮುಗಿಸಿ ಅಕ್ಕಿಕಾಳು ಹಾಕೋಣ." ಮನೆಗೆ ಹೋಗಿ ಅಪ್ಪನನ್ನು ಒಪ್ಪಿಸಿದ್ದು ಅವ್ವ. ಹೊರಗಿನ ಒಬ್ಬ ದೊಡ್ಡ ಹೆಂಗಸು ತನ್ನ ಜೊತೆ ಸರಿಸಮ ಕೂತು ಮಾತಾಡಿದ್ದು ಅವಳ ಮನಸ್ಸಿಗೆ ತಾಗಿತ್ತು.

ನಿಮ್ಮ ಮನೆಯವರಿಗೂ ಮೆಂಟರ್ ಪರಿಚಯ ಆಗಲಿ. ಒಂದು ಸಲ ಕಾಲೇಜಿಗೆ ಕರೆತನ್ನಿ. ಮದುವೆ ಗೊತ್ತಾದರೆ ಹುಡುಗನನ್ನೂ ಕರೆತನ್ನಿ. ಡ್ಯೂಟಿ ಎಷ್ಟು ಹೊತ್ತು, ಪರೀಕ್ಷೆ ಯಾವಾಗ, ಯಾವ ವರ್ಷ ಕಷ್ಟ ಅಂತ ನೀವು ಹೇಳಿದರೆ ನೆಪ ಅನ್ನಿಸಬಹುದು. ಅವರು ಹೇಳಿದರೆ ಕೇಳುತ್ತಾರೆ.

ಮಗುವಾದ ಮೇಲಿನ ಕಾಲ ಎಲ್ಲಕ್ಕಿಂತ ಕಷ್ಟದ್ದು. ಕಾನೂನಿನ ಪ್ರಕಾರ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಇದೆ. ನಿಜವಾದ ಅಂತರ ಅದಕ್ಕಿಂತ ಉದ್ದ ಆಗಿಬಿಡುತ್ತದೆ. ನನಗೆ ಎರಡನೇ ಮಗುವಾದಾಗ ಯಜಮಾನರ ಕೆಲಸ ಬೀದರಿನಲ್ಲಿ. ಹದಿನಾಲ್ಕು ತಿಂಗಳು ಮೈಕ್ರೋಸ್ಕೋಪ್ ಮುಟ್ಟಲಿಲ್ಲ. ಆಗ ಮೇಡಂ ತಿಂಗಳಿಗೊಂದು ಕೇಸನ್ನು ಕಾಗದದಲ್ಲಿ ಬರೆದು ಪೋಸ್ಟ್ ಮಾಡುತ್ತಿದ್ದರು. ರೋಗ ಲಕ್ಷಣ, ರಿಪೋರ್ಟ್, ಸ್ಲೈಡಿನ ವಿವರ. ಡಯಾಗ್ನೋಸಿಸ್ ನಾನು ಬರೆದು ಕಳಿಸಬೇಕು. ಮಗು ಮಲಗಿದ ಮೇಲೆ ಬರೆಯುತ್ತಿದ್ದೆ. ಎಷ್ಟೋ ತಪ್ಪುತ್ತಿದ್ದವು. ಆದರೆ ನಾನು ಇನ್ನೂ ಪ್ಯಾಥಾಲಜಿಸ್ಟ್ ಅಂತ ಅನ್ನಿಸುತ್ತಿತ್ತು. ದೂರದಲ್ಲಿದ್ದೇ ಕೈಹಿಡಿಯುವುದು ಹೊಸದೇನಲ್ಲ. ಆನಂದಿಬಾಯಿ ಜೋಶಿ 1886ರಲ್ಲಿ ಅಮೆರಿಕದಲ್ಲಿ ಡಾಕ್ಟರ್ ಪದವಿ ಪಡೆದರಲ್ಲ, ಅಲ್ಲಿಗೆ ಹೋಗುವ ಮುಂಚೆಯೇ ಅವರಿಗೆ ಥಿಯೋಡಿಶಿಯಾ ಕಾರ್ಪೆಂಟರ್ ಎಂಬಾಕೆಯ ಪತ್ರಗಳ ಆಸರೆ ಇತ್ತು. ಈಗ ನಿಮ್ಮ ಹತ್ತಿರ ಫೋನ್ ಇದೆ. ರಜೆಗೆ ಹೋಗುವ ಮುಂಚೆ ಮೆಂಟರಿಗೆ ಹೇಳಿ: ತಿಂಗಳಿಗೊಂದು ಕೇಸ್ ಕಳಿಸಿ ಮೇಡಂ.

ಅಂತರ ವರ್ಷಗಟ್ಟಲೆ ಆಗಿದ್ದರೂ ದಾರಿ ಇದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಸ್ಕೀಮು ಹೆಣ್ಣುಮಕ್ಕಳಿಗೇ ಇರುವುದು. ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಬಯೋಕೇರ್ ಎಂಬ ಸ್ಕೀಮು ಶುರು ಮಾಡಿತು, ಅದೂ ಹೆಣ್ಣುಮಕ್ಕಳಿಗೇ. ಇಂಥದಕ್ಕೆ ಅರ್ಜಿ ಹಾಕುವಾಗ ನಿಮಗೆ ಜಾಗ ಕೊಡುವ ಸಂಸ್ಥೆಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಿಸುವವರು ಯಾರು? ಹಳೆಯ ನಂಟು ಉಳಿಸಿಕೊಂಡಿದ್ದರೆ ಒಂದು ಫೋನ್ ಸಾಕು.

ಕೆಟ್ಟರೆ

ಎಲ್ಲ ಮೆಂಟರುಗಳೂ ಒಳ್ಳೆಯವರೇ ಇರುತ್ತಾರೆ ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ಒಂದು ಕಡೆ ಕೆಲಸ ಮಾಡುವಾಗ 84 ಸ್ಲೈಡುಗಳನ್ನು ನಾನೊಬ್ಬಳೇ ನೋಡಿ, ಟೇಬಲ್ ಮಾಡಿ ಕೊಟ್ಟೆ. ಕಾನ್ಫರೆನ್ಸಿನ ಪೋಸ್ಟರಿನಲ್ಲಿ ನನ್ನ ಹೆಸರೇ ಇರಲಿಲ್ಲ. ಆ ಸೀನಿಯರ್ ಮೇಲೆ ನನಗೆ ಬಹಳ ನಂಬಿಕೆ ಇತ್ತು. ರಾತ್ರಿಯೆಲ್ಲ ಅತ್ತೆ. ಮೇಡಂಗೆ ಫೋನ್ ಮಾಡಿದೆ. ಒಬ್ಬರಿಗಿಂತ ಜಾಸ್ತಿ ಮೆಂಟರ್ ಯಾಕೆ ಬೇಕು ಅಂತ ಆ ರಾತ್ರಿ ತಿಳಿಯಿತು. "ಇವತ್ತ ಜಗಳ ಬ್ಯಾಡ. ಯಾವ ತಾರೀಖಿಗಿ ಏನು ಮಾಡಿದಿ ಬರಿ. ನಾಡದು ಅವರ ಮುಂದ ಇಟ್ಟು ಕೇಳು," ಅಂದರು. ಹಾಗೇ ಮಾಡಿದೆ. ಪೋಸ್ಟರ್ ಬದಲಾಗಲಿಲ್ಲ. ಪೇಪರ್ ಆದಾಗ ನನ್ನ ಹೆಸರು ಎರಡನೆಯದಾಗಿ ಬಂತು.

ಅಂದಿನಿಂದ ನಾನು ಕೆಲಸ ಶುರುವಾಗುವ ಮುಂಚೆಯೇ ಹೆಸರುಗಳ ಸಾಲು ಮಾತಾಡಿಕೊಳ್ಳುತ್ತೇನೆ. ನೀವೂ ಮಾತಾಡಿ. ಆಮೇಲೆ ಒಂದು ಮೆಸೇಜ್ ಹಾಕಿ: "ಮೇಡಂ, ಇವತ್ತು ಮಾತಾಡಿದ ಹಾಗೆ ಡೇಟಾ ನಾನು ತೆಗೆಯುತ್ತೇನೆ, ಮೊದಲ ಡ್ರಾಫ್ಟ್ ನಾನು ಬರೆಯುತ್ತೇನೆ, ಹೆಸರುಗಳು ಈ ಸಾಲಿನಲ್ಲಿ." ಮೆಡಿಕಲ್ ಜರ್ನಲ್‌ಗಳಲ್ಲಿ ಲೇಖಕರು ಯಾರು ಅನ್ನೋದಕ್ಕೆ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ (ಐಸಿಎಂಜೆಇ) ನಿಯಮ ಇದೆ. ಕೆಲಸದಲ್ಲಿ ನಿಜವಾದ ಪಾಲಿರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಇರಬೇಕು, ಕೊನೆಯ ಪ್ರತಿಗೆ ಒಪ್ಪಿರಬೇಕು, ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಬೇಕು. ಅದನ್ನು ಪ್ರಿಂಟ್ ತೆಗೆದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ.

ಮನೆಗೆಲಸ ಹೇಳುವವರು, ಅವರ ಮಕ್ಕಳನ್ನು ಸ್ಕೂಲಿನಿಂದ ಕರೆತರಲು ಕಳಿಸುವವರು, ಬೇರೆ ಸೀನಿಯರ್ ಹತ್ತಿರ ಹೋದರೆ ಮುಖ ಊದಿಸುವವರು ಇದ್ದರೆ, ಹೋಗುವುದನ್ನು ನಿಧಾನಕ್ಕೆ ಕಡಿಮೆ ಮಾಡಿ. ಜಗಳ ಬೇಕಿಲ್ಲ.

ಗಂಡಸರು ಮೆಂಟರ್ ಆಗಬಾರದಾ? ಆಗಬಹುದು, ಆಗಲಿ. ಸರ್ಜರಿ, ಆರ್ಥೋದಂಥ ಬ್ರಾಂಚುಗಳಲ್ಲಿ ಮೇಡಂಗಳು ಇನ್ನೂ ಕಮ್ಮಿ. ನನಗೆ ಬಯೋಕೆಮಿಸ್ಟ್ರಿ ಸರ್ ಮಾಡಿದ ಉಪಕಾರ ದೊಡ್ಡದು. ಭೇಟಿ ಡಿಪಾರ್ಟ್‌ಮೆಂಟಿನಲ್ಲಿ, ಹಗಲಲ್ಲಿ, ಬಾಗಿಲು ತೆರೆದು. ಒಳ್ಳೆಯ ಸರ್‌ಗಳು ತಾವೇ ಹಾಗೆ ಇಟ್ಟುಕೊಳ್ಳುತ್ತಾರೆ. ರಾತ್ರಿಯ ಮೆಸೇಜು, ಮೈ ಬಗ್ಗೆ ಮಾತು, ಮುಟ್ಟುವುದು, ಇಂಟರ್ನಲ್ ಮಾರ್ಕ್ಸ್ ಹೆಸರಲ್ಲಿ ಹೆದರಿಸುವುದು, ಇವುಗಳಲ್ಲಿ ಒಂದು ಕಂಡರೂ ಸಹಿಸಬೇಡಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಕನಿಷ್ಠ ಹತ್ತು ಜನ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷತೆ ಹಿರಿಯ ಮಹಿಳೆಯದೇ. ದೂರನ್ನು ಬರೆದು ಕೊಡಬೇಕು, ಘಟನೆಯಾದ ಮೂರು ತಿಂಗಳೊಳಗೆ. ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಮೆಸೇಜುಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಒಬ್ಬರಿಗೆ ಕಳಿಸಿಡಿ. ನಿಮ್ಮ ಸಮಿತಿಯ ಮೇಡಂ ಯಾರು ಅಂತ ಇವತ್ತೇ, ಏನೂ ಆಗದಿರುವಾಗಲೇ, ನೋಟೀಸ್ ಬೋರ್ಡಿನಲ್ಲಿ ನೋಡಿಟ್ಟುಕೊಳ್ಳಿ.

ನನ್ನ ವಯಸ್ಸಿನವರಿಗೆ

ಹುಡುಗಿಯರು ಬರಲ್ಲ ಅಂತ ನಾವು ದೂರುತ್ತೇವೆ. ಬರುವ ಹೊತ್ತು ಹೇಳಿದ್ದೇವಾ? ನಾನು ಈಗ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: ಗುರುವಾರ 3ರಿಂದ 4, ಯಾರು ಬೇಕಾದರೂ ಬರಬಹುದು. ಆ ಹೊತ್ತಿನಲ್ಲಿ ಮೀಟಿಂಗ್ ಇಟ್ಟುಕೊಳ್ಳುವುದಿಲ್ಲ. ವಾರ್ಡಿನಲ್ಲಿ ಪೇಶಂಟ್ ಮುಂದೆ ಬೈಯುವುದನ್ನು ಬಿಟ್ಟಿದ್ದೇನೆ. ಬೈಯುವುದು ಇದ್ದರೆ ರೂಮಿನಲ್ಲಿ, ಕೂರಿಸಿ. ಕಮಿಟಿಗೆ, ಸೆಮಿನಾರಿಗೆ ಹೆಸರು ಕೇಳಿದಾಗ ಅಲ್ಲಿ ಇಲ್ಲದ ಒಬ್ಬ ಜೂನಿಯರ್ ಹುಡುಗಿಯ ಹೆಸರನ್ನು ಮೊದಲು ಹೇಳುತ್ತೇನೆ. ಅವಳಿಗೆ ಮಗು ಸಣ್ಣದು, ಬರಲಿಕ್ಕಿಲ್ಲ ಅಂತ ಅವಳ ಪರವಾಗಿ ನಾವೇ ತೀರ್ಮಾನ ಮಾಡಿಬಿಡುತ್ತೇವಲ್ಲ, ಅದು ಅನ್ಯಾಯ. ಕೇಳೋಣ. ಬರುವುದಿಲ್ಲ ಅಂದರೆ ಅವಳೇ ಹೇಳಲಿ.

ಶಿಫಾರಸು ಪತ್ರ ಬರೆಯುವಾಗ "ಒಳ್ಳೆಯ ಹುಡುಗಿ, ವಿಧೇಯಳು" ಅಂತ ಬರೆಯಬೇಡಿ. ಏನು ಮಾಡಿದಳು ಬರೆಯಿರಿ: ಎಷ್ಟು ಸ್ಲೈಡು ನೋಡಿದಳು, ಯಾವ ತಪ್ಪನ್ನು ಹಿಡಿದಳು, ಯಾವ ಪೇಶಂಟನ್ನು ಮತ್ತೆ ಹೋಗಿ ಮಾತಾಡಿಸಿದಳು. ಮತ್ತೆ ಬಾರದ ಹುಡುಗಿ ಇದ್ದರೆ ಒಂದು ಸಲ ನಾವೇ ಕರೆಯಬಹುದು. ಅಫಜಲಪುರದ ಹುಡುಗಿಗೆ ನಿನ್ನೆ ಮೆಸೇಜ್ ಹಾಕಿದ್ದೇನೆ. ಗುರುವಾರ ಬಾ, ಒಂದು ಸ್ಲೈಡು ಇಟ್ಟಿದ್ದೇನೆ, ಮೈಕ್ರೋಸ್ಕೋಪಿನ ಆ ಕಡೆ ನೀನು ಕೂರಬೇಕು ಅಂತ.